ಬಿಲ್ಲೆಯಿಲ್ಲದ ನೇರಳೆಮರದ ಬಗ್ಗೆ ಸೌಂದರ್ಯ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರಲ್ಲೇ ಮಾನ್ಯರೂ, ನಮ್ಮ ಬಡಾವಣೆಯ ಸೌಂದರ್ಯ ಸಮಿತಿಯ ಅಧ್ಯಕ್ಷರೂ, ನಮ್ಮ ರಸ್ತೆಯ ಏಕೈಕ ಬಿಳಿ ಕಾರಿನ ಒಡೆಯರೂ ಆದ ತಮಗೆ ಮೂಲೆಮನೆಯ ಸೊಸೆ ತಲೆಬಾಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಕಾರು ಕ್ಷೇಮವೆಂದೂ, ತಮ್ಮ ಅಂಗಳದ ಗಿಡಗಳು ಒಂದೆಲೆಯನ್ನೂ ಉದುರಿಸದೆ ಪೊಲೀಸು ಕವಾಯತಿನ ಶಿಸ್ತಿನಲ್ಲಿ ನಿಂತಿವೆಯೆಂದೂ ನಂಬಿದ್ದೇನೆ. ನಾನು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವವಳು. ಬೆಳಗಿನಿಂದ ಸಂಜೆಯವರೆಗೆ ಬೈಯುವವರಿಗೆಲ್ಲ 'ದಯವಿಟ್ಟು' ಸೇರಿಸಿ ಉತ್ತರ ಕೊಡುವುದೇ ನನ್ನ ಹೊಟ್ಟೆಪಾಡು. ಆದ್ದರಿಂದ ಈ ಪತ್ರದಲ್ಲಿ ವಿನಯ ಸ್ವಲ್ಪ ಅತಿಯಾಗಿ ಕಂಡರೆ ಅದು ರೋಗವಲ್ಲ, ಉದ್ಯೋಗ ಎಂದು ಮನ್ನಿಸಬೇಕು.

ತಮ್ಮ ಆಜ್ಞಾಪತ್ರ ಮೊನ್ನೆ ಕೈಸೇರಿತು. ನಮ್ಮ ಹಿತ್ತಲ ಗೋಡೆಗೆ ಒತ್ತಿ ಬೆಳೆದು ಅರ್ಧ ಕೊಂಬೆಗಳನ್ನು ರಸ್ತೆಯ ಮೇಲೆ ಚಾಚಿರುವ ನೇರಳೆಮರ 'ಅನಧಿಕೃತ ಬೆಳವಣಿಗೆ' ಎಂದೂ, ಬರುವ ಭಾನುವಾರ ಸಮಿತಿಯವರೇ ಬಂದು ಅದನ್ನು ಕಡಿಯುವರೆಂದೂ, ಆ ಜಾಗದಲ್ಲಿ ಬಿಲ್ಲೆಯಿರುವ ಅಪ್ಪಟ ನಾಡಗಿಡವೊಂದನ್ನು ನೆಟ್ಟುಕೊಡುವರೆಂದೂ ಅದರಲ್ಲಿ ಬರೆದಿದೆ. ಮರದ ಅಪರಾಧಗಳನ್ನೂ ತಾವು ದೊಡ್ಡ ಮನಸ್ಸು ಮಾಡಿ ವಿವರಿಸಿದ್ದೀರಿ. ಅದಕ್ಕೆ ಬಿಲ್ಲೆಯಿಲ್ಲ, ಅದನ್ನು ಯಾರೂ ನೆಟ್ಟಿಲ್ಲ, ಅದರ ಎಲೆಗಳಿಗೆ ಹುಳು ಬೀಳುತ್ತದೆ, ಹುಳುವಿಗೆ ಹಕ್ಕಿ ಬರುತ್ತದೆ, ಮತ್ತು ಅದರ ಹಣ್ಣುಗಳು ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಬಿದ್ದು ಕಲೆ ಮಾಡುತ್ತವೆ. ತಮ್ಮ ಅಂಗಳದಲ್ಲಿ ಅಷ್ಟೊಂದು ಗಿಡಗಳಿದ್ದರೂ ತಮ್ಮ ಕಾರು ದಿನಾ ಮಧ್ಯಾಹ್ನ ನಮ್ಮ ಹಿತ್ತಲ ಗೋಡೆಯ ಪಕ್ಕವೇ ಏಕೆ ಬಂದು ನಿಲ್ಲುತ್ತದೆ ಎಂದು ಕೇಳುವಷ್ಟು ಅಧಿಕಪ್ರಸಂಗಿ ನಾನಲ್ಲ. ಬಿಲ್ಲೆಯಿರುವ ಗಿಡಗಳಿಗೆ ನೆರಳು ಕೊಡುವ ಕೆಟ್ಟ ಚಾಳಿ ಇಲ್ಲವೆಂದು ನನಗೂ ಗೊತ್ತು.

ಈ ಪತ್ರವನ್ನು ಬಡಾವಣೆಯ ಉಳಿದವರೂ ಓದುವರಾದ್ದರಿಂದ, ಬಿಲ್ಲೆಯ ಮಹಿಮೆಯನ್ನು ಎರಡು ಮಾತಿನಲ್ಲಿ ಹೇಳಬೇಕಾಗಿದೆ. ಮನೆಮನೆಯ ಅಂಗಳದಲ್ಲೂ ಈ ಮಣ್ಣಿನದೇ ಮರ, ಈ ಮಣ್ಣಿನದೇ ಪೊದೆ ಇರಬೇಕು, ಹೊರಗಿನಿಂದ ಬಂದ ಗಿಡಗಳು ನೋಡಲು ಚಂದವಷ್ಟೇ, ಅವುಗಳಿಂದ ಇಲ್ಲಿನ ಹಕ್ಕಿಗೂ ದುಂಬಿಗೂ ಉಪಯೋಗವಿಲ್ಲ ಎಂದು ಯಾರೋ ಪುಣ್ಯಾತ್ಮರು ತಮ್ಮ ಕಿವಿಗೆ ಹಾಕಿದರು. ತಾವು ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಿ. ನಾಡಗಿಡ ಅಭಿಯಾನ ಶುರುವಾಯಿತು, ಶಾಮಿಯಾನ ಎದ್ದಿತು, ಒಬ್ಬೊಬ್ಬರಿಗೂ ಒಂದೊಂದು ಮರದ ಸಸಿ, ಒಂದೊಂದು ಪೊದೆ, ಎರಡರ ಕುತ್ತಿಗೆಗೂ 'ನಾಡಗಿಡ' ಎಂದು ಅಚ್ಚುಹಾಕಿದ ಹಸಿರು ಬಿಲ್ಲೆ. ಆ ದಿನ ವೇದಿಕೆಯ ಮೇಲೆ ತಾವು ಆಡಿದ ಮಾತು ನನಗೆ ಇಂದಿಗೂ ಬಾಯಿಪಾಠ: "ನೋಡಿ, ನಾವು ಖರ್ಚಿಗೆ ಹಿಂದೆಮುಂದೆ ನೋಡಿಲ್ಲ. ಈ ನಾಡಗಿಡಗಳನ್ನ ಹಡಗಲ್ಲಿ ತರಿಸಿದೀವಿ!"

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ನಮ್ಮೆಜಮಾನರು ಮಾತ್ರ ನನ್ನ ಕಿವಿಯ ಹತ್ತಿರ ಬಂದು, "ಅಲ್ವೇ, ಹಡಗಲ್ಲಿ ಬಂದಿದ್ದು ಈ ಮಣ್ಣಿಂದು ಹೇಗಾಗುತ್ತೆ?" ಎಂದರು. ನಾನು ತೊಡೆ ಚಿವುಟಿ ಸುಮ್ಮನಿರಿಸಿದೆ. ಹಿತ್ತಲ ಗಿಡ ಮದ್ದಲ್ಲ ಎಂಬುದು ಹಿರಿಯರ ಮಾತು. ಮದ್ದಾಗಬೇಕಾದರೆ ಅದು ಕಡಲು ದಾಟಿ ಬರಬೇಕು ಎಂಬಷ್ಟು ತಿಳಿವಳಿಕೆ ನಮ್ಮವರಿಗೆ ಇನ್ನೂ ಬಂದಿಲ್ಲ.

ತಾವು ದಯಪಾಲಿಸಿದ ಪೊದೆಯನ್ನು ನಾವು ಮುಂಬಾಗಿಲ ಬಳಿಯೇ ನೆಟ್ಟೆವು. ಅದರ ಸಭ್ಯತೆಯನ್ನು ಏನೆಂದು ಹೊಗಳಲಿ! ಬಣ್ಣ ಬಳಿದಂಥ ಎಲೆಗಳು, ಒಂದಕ್ಕೂ ತೂತಿಲ್ಲ. ಜೇನು ಬರುವುದಿಲ್ಲ, ಚಿಟ್ಟೆ ಕೂರುವುದಿಲ್ಲ, ಕಂಬಳಿಹುಳು ತಿರುಗಿ ನೋಡುವುದಿಲ್ಲ. ಒಮ್ಮೆ ಒಂದು ಇರುವೆ ಬುಡದಿಂದ ತುದಿಯವರೆಗೆ ಹತ್ತಿ, ಅಲ್ಲಿ ನಿಂತು ಯೋಚಿಸಿ, ಬಂದ ದಾರಿಯಲ್ಲೇ ಇಳಿದುಹೋದದ್ದನ್ನು ನಾನೇ ಕಣ್ಣಾರೆ ಕಂಡೆ. ಪಾಪ, ಅದು ಬಿಲ್ಲೆ ಓದಿರಲಿಲ್ಲ.

ಇಂಥ ಕುಲೀನ ಗಿಡದ ಎದುರು ನಮ್ಮ ನೇರಳೆಯ ನಡತೆ ನಾಚಿಕೆಗೇಡು, ಒಪ್ಪುತ್ತೇನೆ. ಅದನ್ನು ನಾವು ಆರಿಸಿ ತಂದದ್ದಲ್ಲ. ಯಾವುದೋ ಹಕ್ಕಿ ಎಲ್ಲೋ ತಿಂದು, ನಮ್ಮ ಗೋಡೆಯ ಮೇಲೆ ಕೂತು, ತನ್ನ ಕೆಲಸ ಮುಗಿಸಿಕೊಂಡು ಹಾರಿಹೋಯಿತು. ಮನೆಗೆ ಯಾವ ಗಿಡ ಬೇಕೆಂದು ನಾವು ಆರಿಸುವುದು ರೂಢಿ, ಇದು ನಮ್ಮ ಮನೆಯನ್ನೇ ಆರಿಸಿತು. ನೀರು ಹಾಕಿದವರಿಲ್ಲ, ಗೊಬ್ಬರ ಕೊಟ್ಟವರಿಲ್ಲ. ಒಂದೆರಡು ಸಲ ನಾನೇ ಕಳೆಯೆಂದು ಕಿತ್ತುಹಾಕಲು ಹೋಗಿ, ಕುಕ್ಕರು ಕೂಗಿದ್ದರಿಂದ ಒಳಗೆ ಓಡಿ ಮರೆತುಬಿಟ್ಟೆ. ಆ ಕುಕ್ಕರಿಗೆ ನಾನು ಇಂದಿಗೂ ಋಣಿ. ಏಕೆಂದರೆ ಅಧ್ಯಕ್ಷರೇ, ಈಗ ನಮ್ಮ ಮನೆಯ ಶಾಂತಿ ನಿಂತಿರುವುದು ಆ ಮರದ ಮೇಲೆ.

ನಮ್ಮತ್ತೆಯವರನ್ನು ತಾವು ಬಲ್ಲಿರಿ. ಪೇಟೆಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವರು, ಬಡಾವಣೆಯ ಅರ್ಧ ಜನರ ಅಳತೆಯನ್ನು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡವರು, ಅಧ್ಯಕ್ಷರಾದ ತಮ್ಮ ಸೊಂಟ ವರ್ಷವರ್ಷಕ್ಕೆ ಹಿಗ್ಗಿದ ಗುಟ್ಟನ್ನು ಇಂದಿನವರೆಗೆ ಹೊರಗೆ ಬಿಡದವರು. ಅವರ ಕತ್ತರಿ ಹರಿತ, ಬಾಯಿ ಅದಕ್ಕಿಂತ ಹರಿತ. ಹಿಂದಿನ ವರ್ಷ ಅವರ ಕಣ್ಣು ಮಂಜಾಯಿತು. ಇನ್ನು ಸೂಜಿಗೆ ದಾರ ಪೋಣಿಸುವುದು ಆಗದ ಮಾತು ಎಂದು ವೈದ್ಯರು ಹೇಳಿದ ಮೇಲೆ ಅಂಗಡಿಯ ಬಾಗಿಲು ಎಳೆದು ಬಂದವರು, ಹಿತ್ತಲ ಕಡೆಯ ಕೋಣೆಯ ಕಿಟಕಿಯ ಬಳಿ ಕೂತು ಮಾತನ್ನೇ ಬಿಟ್ಟರು. ಸೊಸೆಯಾಗಿ ನಾನು ಸಂತೋಷಪಡಬೇಕಿತ್ತು, ಅಲ್ಲವೇ? ಮೊದಲ ವಾರ ಪಟ್ಟೆ ಕೂಡ. ಆಮೇಲೆ ಭಯವಾಯಿತು. ನಾನು ಬೇಕೆಂದೇ ಟೀಗೆ ಸಕ್ಕರೆಯ ಬದಲು ಉಪ್ಪು ಹಾಕಿ ಕೊಟ್ಟೆ. ಅಷ್ಟನ್ನೂ ಕುಡಿದು, ತುಟಿ ಒರೆಸಿಕೊಂಡು, ಲೋಟ ಕೆಳಗಿಟ್ಟರು. ಅವತ್ತು ನಮ್ಮೆಜಮಾನರು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ತುಂಬ ಹೊತ್ತು ಹೊರಗೆ ಬರಲಿಲ್ಲ.

ನೇರಳೆ ಮೊದಲ ಸಲ ಹಣ್ಣು ಬಿಟ್ಟದ್ದು ಆಗಲೇ. ಒಂದು ಬೆಳಿಗ್ಗೆ ಗಿಳಿ ಅರ್ಧ ಕಚ್ಚಿದ ಹಣ್ಣೊಂದು ಕೊಂಬೆಯಿಂದ ಜಾರಿ ಕಿಟಕಿಯ ಸರಳಿಗೆ ತಾಗಿ ಅತ್ತೆಯವರ ಮಡಿಲಿಗೆ ಬಿತ್ತು. ಒಳಗಿನಿಂದ ಸಿಡಿಲು ಬಡಿದಂಥ ದನಿ: "ಯಾವಳೇ ಅವಳು? ತಿನ್ನೋಕೆ ಬರಲ್ಲ ಅಂದ್ಮೇಲೆ ಕೀಳೋದ್ಯಾಕೆ? ಬಟ್ಟೆ ತುಂಬಾ ಕಲೆ ಮಾಡಿದ್ಯಲ್ಲೇ, ಒಗೆಯೋಕೆ ನಿಮ್ಮಮ್ಮ ಬರ್ತಾಳಾ?" ನಮ್ಮೆಜಮಾನರು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದರು. ಇಬ್ಬರೂ ಬಾಗಿಲ ಹೊರಗೆ ನಿಂತು ಆ ಬೈಗುಳವನ್ನು ಕೊನೆಯವರೆಗೆ ಕೇಳಿದೆವು. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಅಂದಿನಿಂದ ಅವರಿಗೆ ಬಿಡುವಿಲ್ಲ. ಕಣ್ಣಿಗೆ ಕಾಣದಿದ್ದರೂ ದನಿಯಿಂದಲೇ ಒಬ್ಬೊಬ್ಬರನ್ನೂ ಗುರುತು ಹಿಡಿಯುತ್ತಾರೆ. ಒಂದು ಕಡಿತ ಕಚ್ಚಿ ಉಳಿದದ್ದನ್ನು ಬಿಸಾಡುವ ಗಿಳಿಗಳಿಗೆ 'ಬಟ್ಟೆ ಹಾಳು ಮಾಡೋ ದಂಡಪಿಂಡಗಳು' ಎಂದೂ, ತಾರಸಿಯ ಅಂಚಿನಲ್ಲಿ ಓಡಾಡುವ ಅಳಿಲಿಗೆ 'ಸಾಲ ವಸೂಲಿಯವನು' ಎಂದೂ ಹೆಸರಿಟ್ಟಿದ್ದಾರೆ. ಹಣ್ಣಿನ ಕಾಲ ಮುಗಿದರೆ ಹೂವಿಗೆ ಜೇನು, ಎಲೆಗೆ ಹುಳು, ಹುಳುವಿಗೆ ಪುಟ್ಟ ಹಕ್ಕಿಗಳು; ವರ್ಷವಿಡೀ ಬೈಸಿಕೊಳ್ಳಲು ಯಾರಾದರೊಬ್ಬರು ಹಾಜರು. ಹೋದ ತಿಂಗಳು ಊಟಕ್ಕೆ ಕೂತಾಗ, "ಪಲ್ಯಕ್ಕೆ ಉಪ್ಪು ಹಾಕೋದು ನಿಮ್ಮಮ್ಮ ಕಲಿಸ್ಲಿಲ್ವಾ?" ಎಂದು ನನ್ನನ್ನೂ ಕೇಳಿದರು. ನನಗೆ ಕಣ್ಣು ತುಂಬಿ ಬಂತು. ತಮ್ಮ ಬಿಲ್ಲೆಯ ಪೊದೆಯ ಎದುರಿಗೂ ಅವರ ಕುರ್ಚಿ ಹಾಕಿ ನೋಡಿದ್ದೆ. ಸ್ವಲ್ಪ ಹೊತ್ತು ಕಿವಿಗೊಟ್ಟು ಕೂತು, "ಇಲ್ಲಿ ಯಾರೂ ಇಲ್ವಲ್ಲೇ" ಎಂದು ಎದ್ದು ಒಳಗೆ ಹೋದರು.

ಸ್ಥಳಪರಿಶೀಲನೆಗೆ ತಾವೂ, ಕಾರ್ಯದರ್ಶಿಗಳೂ, ಖಜಾಂಚಿಗಳೂ ದಯಮಾಡಿಸಿದ ದಿನವನ್ನು ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ. ಹಣ್ಣು ತುಂಬಿದ ಕಾಲ. ಮರದ ದೋಷಗಳನ್ನು ಹತ್ತಿರದಿಂದ ನೋಡಬೇಕೆಂದು ತಾವು ಕೊಂಬೆ ಬಗ್ಗಿಸಿದಿರಿ, ಕಾರ್ಯದರ್ಶಿಗಳು ಕರವಸ್ತ್ರ ಹಾಸಿದರು, ಖಜಾಂಚಿಗಳು ಗೋಡೆ ಹತ್ತಿದರು. ಪರಿಶೀಲನೆ ಬಹಳ ಹೊತ್ತು ನಡೆಯಿತು. ಆಮೇಲೆ ತಾವು ನಮ್ಮ ಬಾಗಿಲಿಗೆ ಬಂದು, ಗಂಟಲು ಸರಿಮಾಡಿಕೊಂಡು, "ನೋಡಮ್ಮಾ, ಈ ಮರ ಯಾವ ಉಪಯೋಗಕ್ಕೂ ಬರಲ್ಲ" ಎಂದಿರಿ. ಹಾಗೆನ್ನುವಾಗ ತಮ್ಮ ನಾಲಿಗೆ ಗಾಢ ನೇರಳೆಯಾಗಿತ್ತು. ಕಾರ್ಯದರ್ಶಿಗಳ ಹಲ್ಲೂ ಹಾಗೇ. ಖಜಾಂಚಿಗಳಂತೂ ಬಾಯಿಯನ್ನೇ ತೆರೆಯದೆ ತಲೆಯಾಡಿಸಿದರು. ಉಂಡ ಮನೆಯ ಗಳ ಎಣಿಸುವುದು ಎಂದು ಕೇಳಿದ್ದೆ, ಎಣಿಸಿ ಕಡಿಯುವ ಆಜ್ಞೆಯನ್ನೂ ಹೊರಡಿಸುವವರನ್ನು ಅಂದೇ ಕಂಡದ್ದು. ದಾರಿಯುದ್ದಕ್ಕೂ ಬೀಜ ಉಗುಳುತ್ತ ತಾವು ಮೂವರೂ ತಮ್ಮ ಗೇಟಿನವರೆಗೆ ಚರ್ಚಿಸುತ್ತ ನಡೆದುಹೋದ ಗಾಂಭೀರ್ಯವನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಆದರೂ ಸಮಿತಿಯ ಮಾತು ಮೀರುವವಳು ನಾನಲ್ಲ. ಮರ ಹೋಗಲೇಬೇಕೆಂದಾದರೆ ಕೆಲವು ಸಣ್ಣಪುಟ್ಟ ಬೇಡಿಕೆಗಳನ್ನು ಮಾತ್ರ ಈಡೇರಿಸಿಕೊಡಬೇಕೆಂದು ಸೆರಗೊಡ್ಡಿ ಬೇಡುತ್ತೇನೆ. ಇನ್ನು ಮುಂದೆ ಯಾವ ಹಕ್ಕಿಯೂ ಸಮಿತಿಯ ಬಿಲ್ಲೆಯಿಲ್ಲದ ಬೀಜವನ್ನು ನುಂಗಬಾರದು, ನುಂಗಿದರೂ ನಮ್ಮ ಬಡಾವಣೆಯ ಗಡಿ ದಾಟುವವರೆಗೆ ತಡೆದುಕೊಳ್ಳಬೇಕು ಎಂದು ತಾವೊಂದು ಪ್ರಕಟಣೆ ಹೊರಡಿಸಬೇಕು. ತಮ್ಮ ಹಡಗಿನ ಗಿಡಗಳಿಗೆ ಹಡಗಿನ ಹಕ್ಕಿಗಳನ್ನೂ ತರಿಸಿಕೊಡಬೇಕು. ಅವು ಹಾಡದಿದ್ದರೂ ಚಿಂತೆಯಿಲ್ಲ, ತಪ್ಪು ಮಾಡಿದರೆ ಸಾಕು. ಅವು ಬಂದು ಸೇರುವವರೆಗೆ ಸಮಿತಿಯ ಸದಸ್ಯರು ಸರದಿಯ ಪ್ರಕಾರ ದಿನಾ ಬೆಳಿಗ್ಗೆ ನಮ್ಮ ಹಿತ್ತಲ ಗೋಡೆಯ ಮೇಲೆ ಕೂತು, ಏನನ್ನಾದರೂ ಅರ್ಧ ತಿಂದು ಕಿಟಕಿಯತ್ತ ಎಸೆಯುತ್ತ, ನಮ್ಮತ್ತೆಯವರಿಂದ ಬೈಸಿಕೊಳ್ಳುವ ವ್ಯವಸ್ಥೆಯಾಗಬೇಕು. ಮೊದಲ ಸರದಿ ಅಧ್ಯಕ್ಷರದೇ ಆಗಿರಲಿ ಎಂಬುದು ಅತ್ತೆಯವರ ಅಪೇಕ್ಷೆ. ತಮ್ಮ ಅಳತೆ ಅವರಿಗೆ ಇನ್ನೂ ನೆನಪಿದೆಯಂತೆ, ಬೀದಿಗೆ ಕೇಳುವಂತೆ ಹೇಳಬಲ್ಲರಂತೆ.

ಇನ್ನು ಒಂದು ಮಾತನ್ನು 'ದಯವಿಟ್ಟು' ಇಲ್ಲದೆ ಹೇಳುತ್ತೇನೆ, ಕ್ಷಮಿಸಿ. ನನಗೆ ಆ ಮೌನ ಮತ್ತೆ ಬೇಡ. ಕಾರಿನ ಮೇಲಿನ ಕಲೆ ಒಂದು ಬಕೆಟ್ ನೀರಿಗೆ ಹೋಗುತ್ತದೆ, ತಂದುಕೊಟ್ಟರೆ ನಾನೇ ತೊಳೆಯುತ್ತೇನೆ. ಮರ ಹೋದರೆ ಆ ಕಿಟಕಿಯಲ್ಲಿ ಕೂತವರ ಬಾಯಿಗೆ ಮಾತು ಎಲ್ಲಿಂದ ತರಲಿ? ಭಾನುವಾರ ಬೆಳಿಗ್ಗೆ ಅವರ ಕುರ್ಚಿ ಕಿಟಕಿಯ ಬಳಿ ಇರುವುದಿಲ್ಲ, ಮರದ ಬುಡದಲ್ಲಿ ಇರುತ್ತದೆ. ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ನಮ್ಮೆಜಮಾನರು. ಅತ್ತೆಯವರು ಟ್ರಂಕಿನಿಂದ ತಮ್ಮ ಹಳೆಯ ದೊಡ್ಡ ಕತ್ತರಿಯನ್ನು ತೆಗೆಸಿಕೊಂಡಿದ್ದಾರೆ. ಕೊಡಲಿ ಹಿಡಿದು ಬರುವವರು ಕೊಂಚ ಹತ್ತಿರವೇ ಬಂದು ನಿಲ್ಲಬೇಕಂತೆ. ಕಣ್ಣು ಸರಿಯಾಗಿ ಕಾಣುವುದಿಲ್ಲ ನೋಡಿ.

ತಮ್ಮ ಸೌಂದರ್ಯಪ್ರಜ್ಞೆ ದಿನದಿನಕ್ಕೂ ಬೆಳೆಯಲಿ, ಸಾಧ್ಯವಾದರೆ ಬೇರು ಸಮೇತ ಬೆಳೆಯಲಿ ಎಂದು ಹಾರೈಸುತ್ತ, ಬಿಲ್ಲೆಯಿಲ್ಲದ ನೆರಳಿನಲ್ಲಿ ಕೂತು ಈ ಪತ್ರ ಮುಗಿಸುತ್ತಿರುವ,

ತಮ್ಮ ವಿಶ್ವಾಸಿ,
ಮೂಲೆಮನೆಯ ಸೊಸೆ

ಮರೆತಿದ್ದ ಮಾತು: ಪರಿಶೀಲನೆಯ ದಿನ ತಾವು ಮೂವರೂ ಉಗುಳುತ್ತ ನಡೆದಿರಲ್ಲ, ಆ ಬೀಜಗಳಿಗೆ ಆಮೇಲೆ ಒಳ್ಳೆಯ ಮಳೆ ಬಿದ್ದಿದೆ. ನಮ್ಮ ಗೋಡೆಯಿಂದ ತಮ್ಮ ಗೇಟಿನವರೆಗೆ ರಸ್ತೆಯ ಅಂಚಿನಲ್ಲಿ ಎಳೆಯ ನೇರಳೆ ಸಸಿಗಳು ಎದ್ದು ನಿಂತಿವೆ; ಕೊನೆಯದು ತಮ್ಮ ಅಂಗಳದೊಳಗೇ, ಹಡಗಿನಲ್ಲಿ ಬಂದ ಗಿಡದ ಬುಡದಲ್ಲೇ ಇದೆ. ಇಡೀ ಅಭಿಯಾನದಲ್ಲಿ ತಾವು ನೆಟ್ಟ ನಿಜವಾದ ನಾಡಗಿಡಗಳು ಅವಷ್ಟೇ ಆದ್ದರಿಂದ, ನಮ್ಮ ಪೊದೆಯ ಬಿಲ್ಲೆಯನ್ನು ಬಿಚ್ಚಿ ಈ ಪತ್ರದ ಜೊತೆ ಕಳುಹಿಸಿದ್ದೇನೆ. ಮೊದಲು ತಮ್ಮ ಅಂಗಳದ ಆ ಸಸಿಗೆ ಕಟ್ಟಿ. ಕಡಿಯುವುದೇ ಆದರೆ ದಯವಿಟ್ಟು ಅಲ್ಲಿಂದಲೇ ಶುರು ಮಾಡಿ.