ಕುಳಿತ ಮಾವನ ಪಾಡು

ಅರ್ಥವಾಗದ ಭಾಷೆಯಲ್ಲಿ ಇಬ್ಬರು ಮಾತಾಡಿ ನಕ್ಕರೆ, ಆ ನಗು ನಮ್ಮನ್ನು ಕುರಿತದ್ದೇ ಎಂದು ನಂಬುವುದು ಮನುಷ್ಯನ ಹುಟ್ಟುಗುಣ. ನನಗೆ ಆ ಗುಣ ಸ್ವಲ್ಪ ಹೆಚ್ಚಾಗಿಯೇ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ರಾಯಚೂರಿನಲ್ಲಿ ಅರವತ್ತು ವರ್ಷ ಕಳೆದರೂ ಅದನ್ನು ಪರೀಕ್ಷಿಸುವ ಸಂದರ್ಭ ಬಂದಿರಲಿಲ್ಲ. ಇಲ್ಲಿ ನಮ್ಮ ಮನೆಯಲ್ಲಿ ಕನ್ನಡ, ಪಕ್ಕದ ಚಾಂದ್‌ಬೀ ಮನೆಯಲ್ಲಿ ದಖನಿ, ಬಸ್ ಸ್ಟ್ಯಾಂಡಿನಲ್ಲಿ ಅರ್ಧಕ್ಕರ್ಧ ತೆಲುಗು. ಮೂರರಲ್ಲಿ ಯಾವುದರಲ್ಲಿ ಬೈದರೂ ನನಗೆ ತಿಳಿಯುತ್ತದೆ, ಮೂರರಲ್ಲೂ ತಿರುಗಿ ಬೈಯಲು ಬರುತ್ತದೆ. ಮೂವತ್ತು ವರ್ಷ ಮಾನ್ವಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು ನಾನು. ಬೆನ್ನ ಹಿಂದೆ ಹುಡುಗರು ಇಟ್ಟ ಅಡ್ಡಹೆಸರುಗಳನ್ನು ವರ್ಷವಾರು ಹೇಳಬಲ್ಲೆ. ಹೀಗೆ ನೆಮ್ಮದಿಯಾಗಿದ್ದ ಕಿವಿಗೆ ನಾಲ್ಕನೆಯ ಭಾಷೆ ಬಿದ್ದದ್ದು ನಿವೃತ್ತಿಯ ವರ್ಷವೇ, ಸೊಸೆಯ ಜೊತೆ.

ಮಗ ಗೌತಮ ದುಬೈ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ. ಅಲ್ಲಿ ಅದೇ ಕೆಲಸದಲ್ಲಿದ್ದ ಫಿಲಿಪೈನ್ಸಿನ ಹುಡುಗಿಯನ್ನು ಮೆಚ್ಚಿ ಮದುವೆಯಾಗಿ, ಇಬ್ಬರೂ ಊರಿಗೇ ಬಂದುಬಿಟ್ಟರು. ಅವನು ಈಗ ದೇವದುರ್ಗದ ಆಸ್ಪತ್ರೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾನೆ. ಅವಳು ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಯಾವುದೋ ದೇಶದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಾಳೆ. ಹೆಸರು ಮಾರಿಬೆಲ್. ನನ್ನ ಹೆಂಡತಿ ಶಾಂತವ್ವ ಮೊದಲ ದಿನವೇ ತಕರಾರು ತೆಗೆದಳು. "ಸೊಸಿಗಿ ಮಾರಿ ಅಂತ ಹೆಂಗ ಕರೀಲಿ? ಮುಂದಿಂದು ಬಿಡ್ರಿ, ಹಿಂದಿಂದು ಬೆಲ್ಲ ಸಾಕು" ಎಂದಳು. ಅಂದಿನಿಂದ ಅವಳು ನಮ್ಮ ಓಣಿಗೆಲ್ಲ ಬೆಲ್ಲವ್ವ. ಬಂದ ದಿನ ಹೊಸ್ತಿಲಲ್ಲೇ ಬೆಲ್ಲವ್ವ ನನ್ನ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು. ಪ್ರಯಾಣದಲ್ಲಿ ಹುಡುಗಿಗೆ ಜ್ವರ ಬಂದಿದೆ, ನೋಡಿ ಎನ್ನುತ್ತಿದ್ದಾಳೆ ಎಂದುಕೊಂಡು ನಾನು ಅಂಗೈಯನ್ನೂ ಆಮೇಲೆ ಮುಂಗೈಯನ್ನೂ ಹಣೆಗಿಟ್ಟು ಪರೀಕ್ಷಿಸಿ, "ಏನಿಲ್ಲವ್ವ, ತಣ್ಣಗದ. ಆದ್ರೂ ಒಂದು ಗುಳಿಗಿ ತಗೋ" ಎಂದೆ. ಅದು ಅವರ ಕಡೆ ಹಿರಿಯರಿಗೆ ನಮಸ್ಕಾರ ಮಾಡುವ ಪದ್ಧತಿಯಂತೆ. ಮಗ ಆಮೇಲೆ ತಿಳಿಸಿದ.

ತವರಿನಿಂದ ಅಷ್ಟು ದೂರ ಬಂದ ಹುಡುಗಿ ತವರನ್ನು ಬಿಟ್ಟುಬಂದಿರಲಿಲ್ಲ. ಫೋನಿನಲ್ಲಿ ಹೊತ್ತು ತಂದಿದ್ದಳು. ಅಡಿಗೆಮನೆಯಲ್ಲಿ ಶೇಂಗಾ ಚಟ್ನಿ ಡಬ್ಬಿಗೆ ಫೋನನ್ನು ಆನಿಸಿಟ್ಟರೆ ಬೆಳಿಗ್ಗೆಯಿಂದ ಅವಳ ಊರಿನ ರೇಡಿಯೊ ಶುರು. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ನಾವು ಮುಖ ತೊಳೆಯುವ ಹೊತ್ತಿಗೆ ಅಲ್ಲಿ ಆಫೀಸು ತೆರೆದಿರುತ್ತದೆ. ಒಂದು ತಾಸು ಪ್ರೇಮಗೀತೆಗಳು, ಆಮೇಲೆ ‘ಬಲಿತಾ’, ಅಂದರೆ ವಾರ್ತೆ. ಶಾಂತವ್ವ ರೊಟ್ಟಿ ಬಡಿಯುತ್ತ ಆ ಹಾಡುಗಳಿಗೆ ತಾಳ ಹಾಕತೊಡಗಿದಳು. ಒಂದು ಹಾಡಿನ ಲಯಕ್ಕೆ ರೊಟ್ಟಿ ತೆಳ್ಳಗಾಗುತ್ತವೆ ಎಂದು ಅದನ್ನೇ ಹಾಕಿಸುತ್ತಿದ್ದಳು. ವಾರ್ತೆಯಲ್ಲಿ ಅವರ ದೇಶದ ಮುಖಂಡರು ಸಭೆಯಲ್ಲಿ ಕೂಗಾಡುವುದು ಕೇಳಿಬಂದರೆ, "ದನಿ ಕೇಳಿದ್ರ ನಮ್ಮವರಂಗ ಅದಾರ" ಎನ್ನುವಳು. ಅಲ್ಲಿ ಉಳ್ಳಾಗಡ್ಡಿ ತುಟ್ಟಿಯಾಯಿತು ಎಂದು ಬೆಲ್ಲವ್ವ ಅರ್ಥ ಹೇಳಿದ ದಿನ ಶಾಂತವ್ವ ಪಲ್ಯಕ್ಕೆ ಒಂದು ಗಡ್ಡಿ ಕಡಿಮೆ ಹಾಕಿದಳು.

ಭಾಷೆಯ ಗೊಂದಲ ಒಂದೆರಡಲ್ಲ. ಅವರಲ್ಲಿ ಹಿರಿಯರೊಡನೆ ಮಾತಾಡುವಾಗ ‘ಪೊ’ ಸೇರಿಸಬೇಕು, ನಾವು ‘ರೀ’ ಸೇರಿಸಿದ ಹಾಗೆ. ‘ಹಿಂದಿ’ ಎಂದರೆ ಇಲ್ಲ. ಈ ಎರಡೂ ನಮಗೆ ಗೊತ್ತಿಲ್ಲದ ಕಾಲದಲ್ಲಿ ಬಾಗಲವಾಡದಿಂದ ಶಾಂತವ್ವನ ಅಣ್ಣ ಬಂದರು. ತೆಲುಗಿನವರ ಜೊತೆ ವ್ಯವಹಾರ ಮಾಡಿ ಪಳಗಿದ ಮನುಷ್ಯ. ಸೊಸೆಗೆ ಕನ್ನಡ ಇನ್ನೂ ಬರುವುದಿಲ್ಲವೆಂದು ಕರುಣೆ ತೋರಿ, "ಹಿಂದಿ ಬರ್ತದೇನವ್ವ?" ಎಂದು ಕೇಳಿದರು. ಬೆಲ್ಲವ್ವ ತಲೆಬಾಗಿ ಬಹಳ ವಿನಯದಿಂದ "ಹಿಂದಿ ಪೊ" ಎಂದಳು. ತೆಲುಗಿನಲ್ಲಿ ‘ಪೋ’ ಎಂದರೆ ತೊಲಗು ಎಂದು ಗೊತ್ತಿದ್ದ ಅವರು ತೊಡೆ ತಟ್ಟಿ ನಕ್ಕು, "ಹಿಂದಿ ತೊಲಗು ಅಂತಾಳ್ರಿ! ಭಾವಾರೆ, ಸೊಸಿ ಅಂದ್ರ ಹಿಂಗಿರಬೇಕು. ಬಂದು ತಿಂಗಳಾಗಿಲ್ಲ, ಕನ್ನಡದ ಮ್ಯಾಲ ಎಷ್ಟು ಅಭಿಮಾನ ನೋಡ್ರಿ" ಎಂದರು. ಅದೇ ವಾರ ಚಾಂದ್‌ಬೀ ಕೊಟ್ಟ ಖೀರಿನ ಬಟ್ಟಲು ತೆಗೆದುಕೊಂಡು ಬೆಲ್ಲವ್ವ ತನ್ನ ಭಾಷೆಯಲ್ಲಿ "ಸಲಾಮತ್" ಎಂದು ಧನ್ಯವಾದ ಹೇಳಿದಳು. ಚಾಂದ್‌ಬೀ ಅದನ್ನು ದಖನಿಯ ‘ಕ್ಷೇಮವಾಗಿರು’ ಎಂದೇ ತಿಳಿದು "ಸಲಾಮತ್ ರಹೋ ಬೇಟಿ" ಎಂದು ಹರಸಿ ಇನ್ನೊಂದು ಬಟ್ಟಲು ತಂದಳು. ತಪ್ಪು ತಿಳಿವಳಿಕೆಯಿಂದ ನಷ್ಟವೇ ಆಗಬೇಕೆಂದೇನೂ ಇಲ್ಲ.

ಅವಳಿಗೆ ಕನ್ನಡ ಕಲಿಸುವ ಹೊಣೆಯನ್ನು ನಾನೇ ಮೈಮೇಲೆ ಹಾಕಿಕೊಂಡೆ. ಮನೆಯಲ್ಲಿ ನಾವೆಲ್ಲ ‘ಕುಂದರ್ರಿ’, ‘ತಗೋರಿ’ ಎನ್ನುವವರೇ. ಆದರೆ ಮೇಷ್ಟರ ಸೊಸೆ ಶುದ್ಧವಾಗಿ ಕಲಿಯಲಿ ಎಂದು ‘ಕುಳಿತುಕೊಳ್ಳಿರಿ’, ‘ತೆಗೆದುಕೊಳ್ಳಿರಿ’ ಎಂದು ಪುಸ್ತಕದ ಕನ್ನಡವನ್ನೇ ಕಲಿಸಿದೆ. ಅವಳ ನಾಲಿಗೆಗೆ ‘ಳ’ ಬರುವುದಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮುಂದಿನ ಸಲ ಬಂದ ಬಾಗಲವಾಡದ ಭಾವನಿಗೆ ಅವಳು ಕುರ್ಚಿ ತೋರಿಸಿ, "ಬನ್ನಿರಿ, ಕುಲಿತು ಕೊಲ್ಲಿರಿ" ಎಂದಳು. ಅವರು ಅರ್ಧ ಕೂತವರು ಎದ್ದುನಿಂತರು. ಅವಳು ಚಹಾ ತಂದು, "ತೆಗೆದು ಕೊಲ್ಲಿರಿ" ಎಂದಳು. "ಯಾರನ್ನವ್ವ?" ಎಂದು ಕೇಳಿದರು ಪಾಪ. ಇನ್ನು ‘ರೀ’ ಅಂತೂ ಅವಳಿಗೆ ಬಹಳ ಹಿಡಿಸಿಬಿಟ್ಟಿತು. ಓಣಿಯ ನಾಯಿಗೂ "ಹೋಗ್ರಿ, ದಯವಿಟ್ಟು ಹೋಗ್ರಿ" ಎನ್ನುತ್ತಿದ್ದಳು. ನಾಯಿ ಹೋಗುತ್ತಿರಲಿಲ್ಲ. ಅಷ್ಟು ಮರ್ಯಾದೆ ಅದಕ್ಕೆ ಬೇರೆಲ್ಲಿ ಸಿಗಬೇಕು?

ಇಷ್ಟು ಪೀಠಿಕೆ ಯಾಕೆಂದರೆ, ನನ್ನ ದುಃಖಕ್ಕೆ ಮೂಲ ಈ ‘ಳ’ಕಾರವೇ. ಬೆಲ್ಲವ್ವ ದಿನಾ ಬೆಳಿಗ್ಗೆ ತಾಯಿಯ ಜೊತೆ ಫೋನಿನಲ್ಲಿ ಮುಖ ನೋಡುತ್ತ ಮಾತಾಡುತ್ತಾಳೆ. ಒಂದು ದಿನ ನಾನು ‘ಉಂಡೇನವ್ವ’ ಎಂದು ಅವಳನ್ನು ಮೂರ್ನಾಲ್ಕು ಸಲ ವಿಚಾರಿಸಿಕೊಂಡು ಬಂದು ಪಡಸಾಲೆಯ ಕುರ್ಚಿಯಲ್ಲಿ ಪತ್ರಿಕೆ ಓದುತ್ತಿದ್ದೆ. ಒಳಗಿನಿಂದ ಅವಳ ದನಿ: "ಮಕುಲಿತ್ ಸಿ ತಾತಾಯ್." ಆಮೇಲೆ ಇಬ್ಬರ ನಗು. ತಾತಾಯ್ ಎಂದರೆ ಅಪ್ಪ, ತಾಯಿಯ ಜೊತೆ ಮಾತಾಡುವಾಗ ನನಗೇ ಹಾಗೆನ್ನುತ್ತಾಳೆ ಎಂದು ತಿಳಿದಿತ್ತು. ಮಾತಿನ ನಡುವೆ ರೊಟ್ಟಿ, ಬಿಸಿಲು ಎಂದು ನಮ್ಮ ಶಬ್ದಗಳನ್ನು ಬೆರೆಸುವುದೂ ತಿಳಿದಿತ್ತು. ಮೂವತ್ತು ವರ್ಷ ಸಂಧಿ ಬಿಡಿಸಿದವನಿಗೆ ಇದೇನು ಮಹಾ? ‘ಮಾ’ ಎಂದರೆ ಮಾವ. ‘ಕುಲಿತ್’ ಎಂದರೆ, ‘ಳ’ ಬಾರದವಳ ಬಾಯಲ್ಲಿ, ಕುಳಿತ. ಮಾವ ಕುಳಿತ! ನಾನೇ ಕಲಿಸಿದ ಶಬ್ದದಿಂದ ನನ್ನನ್ನೇ ಹೊಡೆದಿದ್ದಳು. ಮರುದಿನವೂ ಅದೇ, ಅದರ ಮರುದಿನವೂ ಅದೇ.

ಇದರಲ್ಲಿ ನೋಯುವಂಥದ್ದೇನು ಎಂದು ನೀವು ಕೇಳಬಹುದು. ನಮ್ಮಪ್ಪ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆ ಹೊತ್ತು ನನ್ನನ್ನು ಓದಿಸಿದವನು. ನಮ್ಮ ಮನೆತನದಲ್ಲಿ ಹಗಲು ಹೊತ್ತು ಕೂತ ಮೊದಲನೆಯ ಗಂಡಸು ನಾನೇ ಇರಬೇಕು, ಅದೂ ಪಗಾರ ಕೊಟ್ಟು ಕುರ್ಚಿ ಹಾಕಿದ್ದರಿಂದ. "ಕುಂತು ಉಣ್ಣಾವಂಗ ಕುಡಿಕಿ ಹೊನ್ನು ಸಾಲಂಗಿಲ್ಲ" ಎಂಬುದು ಅಪ್ಪನ ಬಾಯಲ್ಲಿ ದಿನಕ್ಕೊಮ್ಮೆ ಬರುತ್ತಿದ್ದ ಮಾತು. ಅಂಥವನ ಮಗ ನಿವೃತ್ತನಾಗಿ ಕೂತೇ ಇರುತ್ತಾನೆ ಎಂಬ ಸುದ್ದಿ ಸಮುದ್ರ ದಾಟಿ ದಿನಾ ಬಿತ್ತರವಾಗುತ್ತಿದೆ! ಬೀಗರ ಮುಂದೆ ನನ್ನ ಮಾನ ಹೋಯಿತು ಎನ್ನಿಸಿ ನಿಜಕ್ಕೂ ಸಂಕಟವಾಯಿತು. ಸೊಸೆಯನ್ನು ಕೇಳಿಬಿಡಬಹುದಿತ್ತು. ಆದರೆ ಕದ್ದು ಕೇಳಿದವನು ಕೇಳುವುದು ಹೇಗೆ? ಕೂಡುವುದನ್ನೇ ಬಿಟ್ಟುಬಿಟ್ಟೆ.

ಅಂದಿನಿಂದ ಪತ್ರಿಕೆಯನ್ನು ನಿಂತು ಓದಿದೆ, ಚಹಾ ನಿಂತು ಕುಡಿದೆ. ಬೆಲ್ಲವ್ವನ ಕಣ್ಣಿಗೆ ಬೀಳುವಂತೆ ಅತ್ತಿಂದಿತ್ತ ಓಡಾಡುತ್ತ, "ಸಂತಿಯಿಂದ ಏನರ ತರಬೇಕೇನವ್ವ?" ಎಂದು ಕೇಳಿದೆ. ಬೇಡ ಎಂದರೆ ಅರ್ಧ ತಾಸು ಬಿಟ್ಟು ಮತ್ತೆ ಕೇಳಿದೆ. "ಉಂಡೇನವ್ವ? ನಿಮ್ಮ ರೇಡಿಯೊ ಬರಾಕತ್ತದೇನು? ಚಾರ್ಜ್ ಅದ ಏನು? ಬಲಿತಾದಾಗ ಏನಂದ್ರು?" ಎಂದು ಅವಳ ದೇಶದ ಆಗುಹೋಗುಗಳನ್ನೂ ಕೈಗೆತ್ತಿಕೊಂಡೆ. ಅಲ್ಲಿ ಮಳೆಗಾಲದಲ್ಲಿ ‘ಬಗ್ಯೊ’ ಎಂಬ ದೊಡ್ಡ ಬಿರುಗಾಳಿ ಏಳುತ್ತದೆ ಎಂದು ತಿಳಿದದ್ದೇ, ರಾಯಚೂರಿನಲ್ಲಿ ಎಲೆ ಅಲ್ಲಾಡಿದರೂ "ನಿಮ್ಮ ಕಡಿ ಬಗ್ಯೊ ಬಂತೇನು?" ಎಂದು ವಿಚಾರಿಸುತ್ತಿದ್ದೆ. ಗೌತಮ ಒಂದು ದಿನ ಊಟದ ಡಬ್ಬಿ ಮರೆತು ಹೋದ. ನನಗೆ ಹಬ್ಬವಾಯಿತು. ಡಬ್ಬಿ ಹಿಡಿದು ದೇವದುರ್ಗದ ಬಸ್ ಹತ್ತಿದೆ. ಮಾನ್ವಿಯ ಹಳೆಯ ವಿದ್ಯಾರ್ಥಿಯೊಬ್ಬ ಎದ್ದು, "ಸರ್, ಬರ್ರಿ, ಕುಂದರ್ರಿ" ಎಂದ. "ನಾ ಕುಂದ್ರಂಗಿಲ್ಲಪ್ಪ" ಎಂದೆ. ಗುರುಗಳು ನಿಂತಿರುವಾಗ ತಾನು ಹೇಗೆ ಕೂಡುವುದೆಂದು ಅವನೂ ನಿಂತ. ಇಬ್ಬರ ನಡುವೆ ಖಾಲಿ ಸೀಟು ದೇವದುರ್ಗದವರೆಗೆ ತಾನೇ ಪ್ರಯಾಣ ಮಾಡಿತು. ಮನೆಗೆ ಬಂದಾಗ ನನ್ನ ಮೊಣಕಾಲುಗಳು ಬದನೆಕಾಯಿಯಂತಾಗಿದ್ದವು. "ನಿಮಗೇನಾಗ್ಯಾದ? ಕಾಲಿಗಿ ಚಕ್ರ ಕಟಗೊಂಡೀರೇನು?" ಎಂದು ಶಾಂತವ್ವ ಎಣ್ಣೆ ಹಚ್ಚುತ್ತ ಬೈದಳು. ಎಣ್ಣೆಯನ್ನೂ ನಿಂತೇ ಹಚ್ಚಿಸಿಕೊಂಡೆ.

ಹೀಗಿರುವಾಗ ಒಂದು ಬೆಳಿಗ್ಗೆ ನಿಜವಾದ ಬಗ್ಯೊ ಬಂತು. ಬೆಲ್ಲವ್ವನ ತವರು ಸಮುದ್ರದಂಡೆಯ ಊರು. ರೇಡಿಯೊದಲ್ಲಿ ಹಾಡು ನಿಂತು ಬರೀ ಬಲಿತಾ. ಅದರಲ್ಲಿ ತನ್ನ ಊರಿನ ಹೆಸರು ಕೇಳಿದ್ದೇ ಅವಳು ಫೋನ್ ಹಚ್ಚತೊಡಗಿದಳು. ತಾಯಿಗೆ ಫೋನ್ ಹತ್ತಲಿಲ್ಲ. ಎರಡು ದಿನ ಹತ್ತಲಿಲ್ಲ. ಅವಳು ಪಾಠ ಬಿಟ್ಟು ಚಟ್ನಿ ಡಬ್ಬಿಯ ಮುಂದೆ ಕೂತಳು. ಶಾಂತವ್ವ ರೊಟ್ಟಿ ಬಡಿಯುವ ಸದ್ದಿಗೆ ವಾರ್ತೆ ಕೇಳದೇ ಹೋದೀತೆಂದು ಅನ್ನಕ್ಕಿಟ್ಟಳು. ಚಾಂದ್‌ಬೀ ಬಂದು ಬೆಲ್ಲವ್ವನ ಕೈ ಹಿಡಿದು ಕೂತಳು. ನಾನು ಹತ್ತು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ನಿಂತು, "ಫೋನ್ ಹತ್ತಿತೇನವ್ವ?" ಎಂದು ಕೇಳಿದೆ. ಅವಳು ಪ್ರತಿ ಸಲವೂ ತಲೆ ಎತ್ತಿ "ಹಿಂದಿ ಪೊ" ಎಂದಳು. ಅಳುವಿನ ನಡುವೆಯೂ ಆ ‘ಪೊ’ವನ್ನು ಅವಳು ಒಮ್ಮೆಯೂ ಬಿಡಲಿಲ್ಲ. ಯಾವ ಊರಿನ, ಯಾವ ತಾಯಿ ಹೆತ್ತ ಮಗಳೋ, ಬಹಳ ಚೆನ್ನಾಗಿ ಬೆಳೆಸಿದ್ದಾಳೆ ಎನ್ನಿಸಿತು. ಕೂತಿದ್ದಾನೆಂದು ಸಾವಿರ ಸಲ ಹೇಳಿಕೊಳ್ಳಲಿ, ಆ ತಾಯಿ ಉಳಿದರೆ ಸಾಕು ಎಂದುಕೊಂಡೆ.

ಮೂರನೆಯ ದಿನ ಫೋನ್ ತಾನೇ ರಿಂಗಾಯಿತು. ತಾಯಿ! ಮನೆಯ ಮೇಲಿನ ತಗಡು ಹಾರಿಹೋಗಿತ್ತು, ಜನರೆಲ್ಲ ಶಾಲೆಯೊಂದರಲ್ಲಿ ಕ್ಷೇಮವಾಗಿದ್ದರು. ತಾಯಿ ಮಗಳು ಅತ್ತು ಮುಗಿಸಿದ ಮೇಲೆ ಬೆಲ್ಲವ್ವ ಏನೋ ಹೇಳುತ್ತ ಫೋನನ್ನು ನನ್ನ ಕಡೆ ತಿರುಗಿಸಿದಳು. ಆಕೆ ಒದ್ದೆ ಕಣ್ಣಲ್ಲೇ ನಕ್ಕು, ನನ್ನತ್ತ ಬೆರಳು ಮಾಡಿ, "ಆ, ಸಿ ತಾತಾಯ್! ಮಕುಲಿತ್!" ಎಂದರು. ತಿಂಗಳಿಂದ ನಿಂತೇ ಇದ್ದ ನನಗೆ ಇನ್ನು ತಡೆಯಲಾಗಲಿಲ್ಲ.

"ಬೆಲ್ಲವ್ವ, ನಿಮ್ಮವ್ವಗ ಹೇಳು. ನಾ ಕುಂತಿಲ್ಲ. ನೋಡು, ನಿಂತೀನಿ. ತಿಂಗಳಾತು, ನಿಂತ ಅದೀನಿ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ನಾನು ಸಂಧಿ ಬಿಡಿಸಿ ವಿವರಿಸಬೇಕಾಯಿತು: ಮಾವ, ಕುಳಿತ, ‘ಳ’ಕಾರದ ಸಮಸ್ಯೆ. ಅವಳು ಬಾಯಿಗೆ ಕೈ ಇಟ್ಟುಕೊಂಡಳು. "ಅದು ಕನ್ನಡ ಅಲ್ಲ ಮಾವಾರೆ! ನಮ್ಮ ಮಾತು. ಮಕುಲಿತ್ ಅಂದ್ರ... ಕೇಲಿದ್ದೇ ಕೇಲ್ತಾರಲ್ಲ, ಬಿಡೋದೇ ಇಲ್ಲ, ಮತ್ತ ಮತ್ತ ಕೇಲ್ತಾರಲ್ಲ, ಅವರು. ಸಣ್ಣ ಮಕ್ಕಲಿಗೆ ಪ್ರೀತಿಲಿಂದ ಅಂತೀವಿ. ನೀವು ಅವತ್ತು ‘ಉಂಡೇನವ್ವ’ ಅಂತ ನಾಕು ಸಲ ಕೇಲಿದ್ರಿ. ಅದಕ್ಕ ಅವ್ವಗ ಹೇಲಿದೆ."

"ಪಿರಿಪಿರಿ ಮಾಡಾವ ಅಂತ" ಎಂದು ಶಾಂತವ್ವ ಒಂದೇ ಮಾತಿನಲ್ಲಿ ಅನುವಾದ ಮುಗಿಸಿದಳು. "ಇದನ್ನ ತಿಳಕೊಳ್ಳಾಕ ನನಗ ಮೂವತ್ತೈದು ವರ್ಷ ಹಿಡೀತು. ಈಕಿ ನಾಕು ತಿಂಗಳದಾಗ ತಿಳಕೊಂಡಾಳ."

ತಿಂಗಳ ನಂತರ ಕುರ್ಚಿಯಲ್ಲಿ ಕೂತೆ. ಅದರ ಸುಖವನ್ನು ವರ್ಣಿಸಲು ಪುಸ್ತಕದ ಕನ್ನಡವೂ ಸಾಲದು. ಬೆಲ್ಲವ್ವ ಚಹಾ ತಂದು, "ತೆಗೆದು ಕೊಲ್ಲಿರಿ" ಎಂದಳು. ಫೋನಿನಲ್ಲಿ ಅವಳ ತಾಯಿ ಇನ್ನೂ ನಗುತ್ತ ನೋಡುತ್ತಿದ್ದರು.

"ಹಂಗಾದ್ರ ನಾ ಕುಂತಿರ್ತೀನಿ ಅಂತ ನಿಮ್ಮವ್ವಗ ಹೇಳಿಲ್ಲೇನವ್ವ?" ಎಂದು ಕೇಳಿದೆ.

"ಹಿಂದಿ ಪೊ."

"ಖರೇನು?"

"ಹಿಂದಿ ಪೊ, ಮಾವಾರೆ. ಹೇಲಿಲ್ಲ."

ಎರಡು ಗುಟುಕು ಚಹಾ ಕುಡಿದೆ. ಮನಸ್ಸಿಗೆ ಸಮಾಧಾನವಾಗಬೇಕಲ್ಲ? "ಅಲ್ಲವ್ವ, ಒಂದ ಸಲನೂ ಹೇಳಿಲ್ಲೇನು?" ಎಂದೆ.

ಬೆಲ್ಲವ್ವ ಬಾಯಿ ತೆರೆಯುವ ಮೊದಲೇ ಫೋನಿನೊಳಗಿನಿಂದ ಆ ತಾಯಿ ಒಂದೇ ಒಂದು ಶಬ್ದ ಅಂದರು. ಆಕೆಗೆ ಕನ್ನಡದ ಒಂದಕ್ಷರವೂ ಬರುವುದಿಲ್ಲ. ಆದರೆ ನಾನು ಏನು ಮಾಡುತ್ತಿದ್ದೇನೆ ಎಂಬುದು ನನ್ನ ದನಿಯಿಂದಲೇ ತಿಳಿದಿತ್ತು. ಆ ಶಬ್ದದ ಅರ್ಥವನ್ನು ಈ ಸಲ ನಾನು ಯಾರನ್ನೂ ಕೇಳಲಿಲ್ಲ.