ಮುದ್ದೆಯ ದ್ರವತ್ವಕ್ಕಾಗಿ ನಡೆದ ಮಹಾಸಮರ

ಅರಸನನ್ನೂ ಆಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಜಠರಾಗ್ನಿಯೇ, ನಿನಗೆ ಮೊದಲ ವಂದನೆ. ದಂತವೈದ್ಯರು ಬೀದಿಗೊಬ್ಬರಂತೆ ಅವತರಿಸಿದ್ದ ಯುಗದಲ್ಲಿ, ಮಳವಳ್ಳಿ ಸೀಮೆಯಲ್ಲಿ, ಒಂದೇ ಊಟಕ್ಕೆ ಹನ್ನೊಂದು ಮುದ್ದೆಗಳನ್ನು ಅಡಗಿಸಿ ಕೀರ್ತಿವಂತನಾದ ರಾಗಿಪಿಂಡಮರ್ದನ, ಸಾರುಸಾಗರಶೋಷಕ ಚಿಕ್ಕಬೋರೇಗೌಡನು ತನ್ನ ಬುದ್ಧಿಹಲ್ಲೊಂದನ್ನು ಕೀಳಿಸಿಕೊಂಡನು.

"ಎರಡು ದಿನ ದ್ರವಾಹಾರ ಮಾತ್ರ. ಘನ ಪದಾರ್ಥ ತಿಂದರೆ ಹೊಲಿಗೆ ಕಿತ್ತು ಬರುತ್ತೆ" ಎಂದು ವೈದ್ಯರು ಆಜ್ಞಾಪಿಸಿದ್ದರು. ಆ ಆಜ್ಞೆಯ ಏಕಾಕಿ ಕಾವಲುಗಾರ್ತಿ ಮಡದಿ ಕೆಂಪಾಜಮ್ಮ. ಹಿಂದಿನ ದಿನ ಮೂರು ಗಂಟೆಯ ಕಾಲ ನಿಲ್ಲದ ರಕ್ತವನ್ನು ಹತ್ತಿಯಿಂದ ಒತ್ತಿ ಹಿಡಿದವಳು ಅವಳೇ. ಆ ಭಯ ಇನ್ನೂ ಅವಳ ಎದೆಯಿಂದ ಇಳಿದಿರಲಿಲ್ಲ.

ಮಧ್ಯಾಹ್ನ ಅವಳು ತನಗೆಂದು ಒಂದು ಮುದ್ದೆ ಕಟ್ಟಿ, ಗಂಡನ ಮುಂದೆ ಮಜ್ಜಿಗೆಯ ಲೋಟವಿಟ್ಟಳು. ವೀರನು ಊದಿದ ಕೆನ್ನೆಯನ್ನು ಅಂಗೈಯಲ್ಲಿ ಆನಿಸಿಕೊಂಡೇ ಗರ್ಜಿಸಿದನು:

"ಅಮ್ಮಿ, ಮುದ್ದೇನ ಯಾವನಾದ್ರೂ ಅಗೀತಾನಾ? ನುಂಗ್ತಾನೆ! ಅಗೀದೆ ಒಳಕ್ಕೋಗೋದೆಲ್ಲ ನೀರು ಲೆಕ್ಕ. ಚೊಂಬಿಗೆ ಬಿದ್ರೆ ನೀರು ಚೊಂಬಿನಂಗಾಯ್ತದೆ, ಗಂಟ್ಲಿಗೆ ಬಿದ್ರೆ ಮುದ್ದೆ ಗಂಟ್ಲಂಗಾಯ್ತದೆ. ಹನ್ನೊಂದು ಮುದ್ದೆ ಗೌಡ ಮಜ್ಜಿಗೆ ಕುಡ್ಕಂಡು ಕೂತವ್ನೆ ಅಂದ್ರೆ ಸೀಮೆ ನಗಾಕಿಲ್ವಾ?"

"ನಗ್ಲಿ ಬುಡಿ. ನೆನ್ನೆ ಹತ್ತಿ ಒತ್ತಾಕೆ ಬಂದಿತ್ತಾ ನಿಮ್ ಸೀಮೆ? ನೀರಾದ್ರೆ ಹರೀಬೇಕು. ನೋಡೇ ಬುಡಾನ."

ಹೀಗೆಂದು ಕೆಂಪಾಜಮ್ಮ, ಡಬ್ಬಿಯಲ್ಲಿ ಗಟ್ಟಿಯಾಗಿ ಕೂತಿದ್ದ ತುಪ್ಪವನ್ನು ಕೆದಕಿ ಮುದ್ದೆಯ ನೆತ್ತಿಗಿಟ್ಟು ತಟ್ಟೆಯನ್ನು ಓರೆ ಮಾಡಿದಳು. ಶಾಖದ ಸ್ಪರ್ಶಮಾತ್ರದಿಂದ ತುಪ್ಪವು ತನ್ನ ಘನತ್ವದ ಗರ್ವವನ್ನೆಲ್ಲ ತೊರೆದು, ಕರಗಿ, ತಟ್ಟೆಯ ಅಂಚಿನವರೆಗೆ ಹರಿಯಿತು. ಮುದ್ದೆಯೋ, ಹಿಟ್ಟುನೀರಾಗಿದ್ದು ಅದೇ ಶಾಖದಿಂದಲೇ ಗಟ್ಟಿಯಾಗಿ ಜನಿಸಿದ್ದ ಆ ಶ್ಯಾಮಲಗೋಳವು, ಮಿಸುಕಲಿಲ್ಲ. ತಟ್ಟೆ ಇನ್ನಷ್ಟು ಬಾಗಿತು. ತುಪ್ಪದ ದಾರಿಯಲ್ಲೇ ಮುದ್ದೆ ಇಡಿಯಾಗಿ ಜಾರಿ ಗೌಡನ ಮಡಿಲಿಗೆ ಬಿತ್ತು.

"ಹರೀತು! ನೋಡ್ದಾ, ಹರೀತು!"

"ಜಾರ್ತು. ಹರಿಯೋದು ಬೇರೆ, ಜಾರೋದು ಬೇರೆ. ಉಂಡೆ ಉಂಡೆಯಾಗೇ ಅದೆ, ಕೊಡಿ ಇತ್ತಗೆ!"

ಕೊಡುವವನೇ? ಕೈಸೇರಿದ ಶತ್ರುವಿನಿಂದ ನಿಂಬೆಗಾತ್ರದ ತುಂಡನ್ನು ಸೀಳಿ, ಅವಳ ಬಟ್ಟಲಿನ ಸಾರಿನಲ್ಲಿ ಅದ್ದಿ, ಆ ವೀರನು ದಿಗಂತಗಳು ಬೆರಗಾಗುವಂತೆ ಬಾಯಿ ತೆರೆದನು. ಬಾಯಿ ಅರ್ಧ ಬೆರಳಿನಷ್ಟು ತೆರೆಯಿತು. ತುಂಡು ಅಡಿಕೆಯಷ್ಟಾಯಿತು, ಹೋಗಲಿಲ್ಲ. ಕಡಲೆಕಾಳಿನಷ್ಟಾಯಿತು, ಹೋಯಿತು. ಮುದ್ದೆ ಘನವೋ ದ್ರವವೋ ಎಂಬುದು ತೀರ್ಮಾನವಾಗುವ ಮೊದಲೇ, ಯಾರ ಅನುಮಾನಕ್ಕೂ ಎಡೆಯಿಲ್ಲದ ದ್ರವವಾದ ಸಾರು ತನ್ನ ಖಾರದೊಡನೆ ಗಾಯವನ್ನು ಮುಟ್ಟಿತು. ಆಗ ಹೊರಟ ಆರ್ತನಾದಕ್ಕೆ ಹಿತ್ತಿಲ ಕೋಳಿಗಳೆಲ್ಲ ಬೇಲಿ ಹಾರಿದವು.

ಕೆಂಪಾಜಮ್ಮ ಓಡಿಹೋಗಿ ಟಾರ್ಚ್ ತಂದಳು. "ಬಾಯ್ ಬುಡಿ. ಇನ್ನೊಸಿ." ಉಸಿರು ಬಿಗಿಹಿಡಿದು ಇಣುಕಿದಳು. ಕಪ್ಪು ದಾರದ ಎರಡು ಹೊಲಿಗೆಗಳೂ ಇದ್ದಲ್ಲೇ ಇದ್ದವು, ರಕ್ತ ಕಾಣಲಿಲ್ಲ. ಅವಳು ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಹಾಕಿ, ಒಂದು ಗಂಟೂ ಉಳಿಯದಂತೆ ಕಿವುಚಿ, ಕೆಮ್ಮಿನ ಔಷಧಿಯೊಡನೆ ಬಂದಿದ್ದ ಪುಟ್ಟ ಪ್ಲಾಸ್ಟಿಕ್ ಚಮಚವನ್ನು ಗಂಡನ ಕೈಗಿತ್ತಳು.

ರಾಗಿಪಿಂಡಮರ್ದನನು ಮೂರು ಚಮಚ ಕುಡಿದನು. ಕಣ್ಣೊರೆಸಿಕೊಂಡನು.

"ಅಮ್ಮಿ," ಎಂದನು, "ಒಸಿ ಉಪ್ಪಾಕು."