ಒಳಗೆ ಬಿಡುವ ಬಟ್ಟೆ

ಕಡಬ ಪೇಟೆಯಲ್ಲಿ ಹೆಂಗಸರ ರವಕೆ ಹೊಲಿಯುವವರ ಪೈಕಿ ಅಳತೆ ತಪ್ಪದವನು ನಾನೊಬ್ಬನೇ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಅದಕ್ಕೆ ಬೇರೆಯವರ ಬೆಂಬಲ ಬೇಕೆಂದು ಯಾವತ್ತೂ ಅನ್ನಿಸಿರಲಿಲ್ಲ.

ನಮ್ಮ ಅಂಗಡಿ ಮಾಳಿಗೆಯಲ್ಲಿದೆ. ಹುಕ್ಕು, ಕೈಹೊಲಿಗೆ ಎಲ್ಲ ಹೆಂಡತಿ ವಾರಿಜಳ ಪಾಲು. ತೂಕ ಏರಿ, ಸಕ್ಕರೆ ಕಾಯಿಲೆ ಸೇರಿ, ಮೊಣಕಾಲು ಮುಷ್ಕರ ಹೂಡಿದ ಮೇಲೆ ಅವಳಿಗೆ ಮೆಟ್ಟಿಲು ಹತ್ತಲಾಗಲಿಲ್ಲ. ಪಥ್ಯ, ನಡಿಗೆ, ಕಷಾಯ ಎಲ್ಲ ಆಯಿತು. ಅಂಗಡಿಯಲ್ಲಿ ಅವಳ ಸ್ಟೂಲು ಮಾತ್ರ ಖಾಲಿಯೇ ಉಳಿಯಿತು. ಹುಕ್ಕು ಹಾಕಲು ಬೇರೆ ಜನ ಸಿಕ್ಕಿದರು, ಆದರೆ ನನ್ನ ಹೊಲಿಗೆಗೆ ಕೊಂಕು ತೆಗೆಯಲು ಯಾರೂ ಇರಲಿಲ್ಲ. ನನಗೆ ಕೆಲಸವೇ ಬೇಡವೆನಿಸುತ್ತಿತ್ತು.

ಕೊನೆಗೆ ಮಂಗಳೂರಿನ ಡಾಕ್ಟರೊಬ್ಬರು ತೂಕ ಇಳಿಸುವ ಆಪರೇಶನ್‌ಗಳನ್ನು ಚಿತ್ರ ಬರೆದು ವಿವರಿಸಿದರು. ಒಂದರಲ್ಲಿ ಜಠರದ ಮೇಲ್ಭಾಗಕ್ಕೆ ಪಟ್ಟಿ ಬಿಗಿಯುತ್ತಾರೆ, ಈಗ ಅದು ಅಪರೂಪವಂತೆ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯನ್ನು ಪುಟ್ಟ ಚೀಲ ಮಾಡಿ, ಸಣ್ಣ ಕರುಳಿನ ಕೆಳಗಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ತಿನ್ನುವುದೂ ಕಡಿಮೆ, ಮೈಗೆ ಹತ್ತುವುದೂ ಕಡಿಮೆ. ವಾರಿಜಳಿಗೆ ಹೇಳಿದ್ದು ಸ್ಲೀವ್. ಜಠರದ ಬಹುಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಅಂಗಿಯ ಕಿರಿದಾದ ತೋಳಿನಂತೆ ಮಾಡುವುದು. ಸ್ವಲ್ಪಕ್ಕೇ ಹೊಟ್ಟೆ ತುಂಬುತ್ತದೆ, ಹಸಿವೂ ತಗ್ಗುತ್ತದೆ.

ಪಟ್ಟಿ, ಜೋಡಣೆ, ತೋಳು! ಎಲ್ಲವೂ ನಮ್ಮ ಇಲಾಖೆಯದ್ದೇ! ಸಹೋದ್ಯೋಗಿಯನ್ನು ನೋಡುವಂತೆ ಡಾಕ್ಟರರನ್ನು ನೋಡಿ ತಲೆಯಾಡಿಸಿದೆ. ಆಮೇಲೆ ಅವರು ಹೇಳಿದ್ದನ್ನು ನಾನು ಕೇಳಿಸಿಕೊಳ್ಳಲೇ ಇಲ್ಲ.

ಆಪರೇಶನ್ ಚೆನ್ನಾಗಿಯೇ ಆಯಿತು. ಅವಳ ಅಕ್ಕ ಆಸ್ಪತ್ರೆಯಲ್ಲಿ ನಿಂತರು, ನಾನು ಬಟ್ಟೆ ತರಲು ಊರಿಗೆ ಬಂದೆ. ಖಾಲಿ ಮನೆಯಲ್ಲಿ ಕೈಕಟ್ಟಿ ಕೂರಲಾಗಲಿಲ್ಲ. ಒಳಗೆ ಅಷ್ಟು ಕತ್ತರಿಸಿದ ಮೇಲೆ ಹೊರಗಿನ ಸುತ್ತಳತೆ ಇಳಿಯಲೇಬೇಕಲ್ಲ? ಅವಳ ರವಕೆಗಳನ್ನೆಲ್ಲ ಅಂಗಡಿಗೆ ಹೊತ್ತು ತಂದು ಸಣ್ಣ ಮಾಡಿದೆ. ಮುಂದೆ ದಪ್ಪಗಾದರೆ ಬಿಚ್ಚಿ ಸಡಿಲಿಸಲು ಒಳಗೆ ಬಟ್ಟೆ ಬಿಡುವುದು ನಮ್ಮ ಕಸುಬಿನ ಮೊದಲ ಪಾಠ. ಆದರೆ ವಾರಿಜ ಮತ್ತೆ ದಪ್ಪಗಾಗುವುದೆಂದರೇನು? ಅಪಶಕುನ! ಹೆಚ್ಚಿನ ಬಟ್ಟೆಯನ್ನೆಲ್ಲ ಕತ್ತರಿಸಿ ಎಸೆದೆ.

ಡಿಸ್‌ಚಾರ್ಜ್ ದಿನ ಒಂದು ರವಕೆ ಕೊಟ್ಟೆ. ಅವಳು ಬಾತ್‌ರೂಮಿನ ಬಾಗಿಲು ಸ್ವಲ್ಪವೇ ತೆರೆದು, ಇದು ಯಾರದ್ದೆಂದು ಕೇಳಿದಳು. ನಿನ್ನದೇ ಎಂದೆ. ರವಕೆಯ ತೋಳು ಅವಳ ಮೊಣಕೈ ದಾಟಿ ಮೇಲೇರಿರಲಿಲ್ಲ! ನೈಟಿಯ ಮೇಲೆ ನನ್ನ ಅಂಗಿ ಹಾಕಿಕೊಂಡು ಕಾರು ಹತ್ತಿದಳು.

ಮನೆಯಲ್ಲಿ ಇನ್ನೊಂದು, ಮತ್ತೊಂದು ಹಾಕಿ ನೋಡಿದಳು. ಯಾವುದೂ ಹತ್ತಲಿಲ್ಲ. ಮಂಚದ ಮೇಲೆ ಕುಳಿತು ಅತ್ತೇಬಿಟ್ಟಳು.

"ಮೊದಲಿಗಿಂತ ದಪ್ಪ ಆಗಿದ್ದೇನೆ. ಆಪರೇಶನ್ ಸರಿ ಆಗ್ಲಿಲ್ಲ ಅಲ್ವಾ? ಇನ್ನು ನಾನು ಅಂಗಡಿಗೆ ಬರುದು ಉಂಟಾ?"

ರವಕೆ ಸಣ್ಣ ಮಾಡಿದ್ದನ್ನು ಅವಳಿಗೆ ಒಪ್ಪಿಕೊಂಡು, ಡಾಕ್ಟರರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿ ಅವರಿಗೂ ಹೇಳಿದೆ. ಅವರು ಎರಡು ಸಲ ಕೆಮ್ಮಿದರು. ಬಹುಶಃ ನಗುತ್ತಿದ್ದರು. ಹೊಟ್ಟೆಯ ಉಬ್ಬರ ಕೆಲವೇ ದಿನಗಳಲ್ಲಿ ಹೋಗುತ್ತದೆ, ತೂಕ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ, ಇದನ್ನು ಅವತ್ತೇ ಹೇಳಿದ್ದೆನಲ್ಲ ಎಂದರು. ವಾರಿಜ ನನ್ನನ್ನೇ ನೋಡಿದಳು. ಕಣ್ಣೀರಿನ ನಡುವೆಯೇ ನಗು ಬಂತು.

"ನಗಿಸ್ಬೇಡಿ ಮಾರಾಯ್ರೆ, ಹೊಲಿಗೆ ಎಳೀತದೆ. ಅದು ಡಾಕ್ಟ್ರು ಹಾಕಿದ ಹೊಲಿಗೆ, ಬಿಚ್ಚಿದ್ರೆ ಮತ್ತೆ ಹಾಕ್ಲಿಕ್ಕೆ ನಿಮ್ಮಿಂದಾಗ್ಲಿಕ್ಕಿಲ್ಲ."

ನೋಡಲು ಬಂದ ಕೊಯಿಲದ ಯಶೋದಕ್ಕ, ನನ್ನ ಹಳೆಯ ಗಿರಾಕಿ, ಟೈಲರನ ಹೆಂಡತಿ ಗಂಡನ ಅಂಗಿಯಲ್ಲಿರುವ ಕಾರಣ ವಿಚಾರಿಸಿದರು. ವಾರಿಜ ವಿವರವಾಗಿ ಹೇಳಿದಳು. ವಾರದೊಳಗೆ ಪೇಟೆಗೆಲ್ಲ ಗೊತ್ತಾಯಿತು. ತಮ್ಮ ರವಕೆಯಲ್ಲಿ ಒಳಗೆ ಬಟ್ಟೆ ಬಿಟ್ಟಿದ್ದೇನೆಯೇ ಎಂದು ತಿರುಗಿಸಿ ನೋಡದೆ ಯಾರೂ ಕೊಂಡೊಯ್ಯಲಿಲ್ಲ!

ವಾರಿಜ ಮೊದಲು ಗಂಜಿತಿಳಿ ಕುಡಿದಳು, ಆಮೇಲೆ ಮೆತ್ತಗಿನದ್ದು, ಎರಡೇ ತುತ್ತು. ದಿನಾ ನಡೆದಳು. ಮೊದಲು ಅಂಗಳದಲ್ಲಿ, ಆಮೇಲೆ ರಸ್ತೆಯಲ್ಲಿ. ನಾನು ಹಾಳು ಮಾಡಿದ್ದ ರವಕೆಗಳು ಒಂದೊಂದಾಗಿ ಅವಳಿಗೆ ಸರಿಯಾಗತೊಡಗಿದವು.

ಒಂದು ಬೆಳಿಗ್ಗೆ ಮೆಟ್ಟಿಲಲ್ಲಿ ಪರಿಚಯದ ಹೆಜ್ಜೆ ಕೇಳಿತು. ಮಷಿನ್ ತುಳಿಯುವುದು ತನ್ನಿಂತಾನೇ ನಿಂತಿತು. ವಾರಿಜ ಏದುಸಿರು ಬಿಡುತ್ತಾ ಬಂದು ತನ್ನ ಸ್ಟೂಲಿನಲ್ಲಿ ಕುಳಿತಳು. ಚೀಲದಿಂದ ಒಂದು ರವಕೆ ತೆಗೆದಳು. ನಾನು ಸಣ್ಣ ಮಾಡಿದ್ದೇ ಈಗ ದೊಗಳೆಯಂತೆ!

ಪಕ್ಕಗಳಲ್ಲಿ ಹಿಡಿದು ಮತ್ತೆ ಸಣ್ಣ ಮಾಡಿ ಹೊಲಿದುಕೊಟ್ಟೆ. ಅವಳು ಒಳಹೊರಗೆ ತಿರುಗಿಸಿ ನೋಡಿ, ಎಷ್ಟೋ ಕಾಲದ ಮೇಲೆ ಕೊಂಕು ತೆಗೆದಳು.

"ಒಳಗೆ ಇಷ್ಟು ಬಟ್ಟೆ ಯಾಕೆ ಬಿಟ್ಟದ್ದು? ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲೆ ಉಂಟು," ಎಂದೆ. "ಇಲ್ಲದ್ದು ನನ್ನ ಕತ್ತರಿ ಮೇಲೆ."